ಬಿಚ್ಚಿ ಜೋಡಿಸುವ ಎಲೆಕ್ಟ್ರಿಕ್ ಗಿಟಾರ್ ಮಾಡಿ ಮಾರಬಹುದೇ?

ಪ್ರಶ್ನೆ: ನಾನು ಮೈಸೂರಿನ ಹೂಟಗಳ್ಳಿಯವನು. ಡಿಪ್ಲೊಮಾ ಮುಗಿಸಿ ಒಂಬತ್ತು ವರ್ಷದಿಂದ ಒಂದು ಕಾರ್ಖಾನೆಯ ಟೂಲ್ ರೂಮ್‌ನಲ್ಲಿದ್ದೇನೆ. ರಜೆ ದಿನಗಳಲ್ಲಿ ಆರ್ಕೆಸ್ಟ್ರಾಗಳಿಗೆ ಗಿಟಾರ್ ನುಡಿಸುತ್ತೇನೆ. ಬಸ್ಸಿನಲ್ಲಿ ಗಿಟಾರ್ ಹೊತ್ತು ಓಡಾಡುವ ಕಷ್ಟ ತಾಳಲಾರದೆ, ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳುವಂಥ ಎಲೆಕ್ಟ್ರಿಕ್ ಗಿಟಾರ್ ಒಂದನ್ನು ಮಾಡಿದ್ದೇನೆ. ನೆಕ್ (ಬೆರಳಿಡುವ ಉದ್ದನೆಯ ಭಾಗ), ಬಾಡಿಯ ಎರಡು ರೆಕ್ಕೆ, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ), ಬ್ರಿಡ್ಜ್ (ತಂತಿಗಳ ಬುಡ ಕೂರುವ ಭಾಗ) ಎಲ್ಲವನ್ನೂ ತೆಗೆದು ಬದಲಾಯಿಸಬಹುದು. 6 ಲಕ್ಷ ರೂಪಾಯಿ ಉಳಿತಾಯ ಇದೆ. ದಸರಾ ಆದಮೇಲೆ ಕೆಲಸ ಬಿಟ್ಟು ಇದನ್ನೇ ಉದ್ಯಮ ಮಾಡೋಣ ಅಂತಿದ್ದೇನೆ. ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಮಷಿನ್ ಕೊಳ್ಳಲು ಸಾಲ ಮಾಡಬಹುದೇ? ಬೀಟೆ ಮರ ಬಳಸಿ, ಮರದೊಳಗೆ ಚಿತ್ರ ಕೂರಿಸುವ ಮೈಸೂರಿನ ಇನ್ಲೇ ಕೆಲಸ ಮಾಡಿಸಿದರೆ ವಿದೇಶಕ್ಕೂ ಹೋಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಸಾಲು ಗಿಟಾರಿನದಲ್ಲ, ಟೂಲ್ ರೂಮಿನದು. ಚೆನ್ನಾಗಿ ನುಡಿಸುವವರು, ಮರಗೆಲಸ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ನೂರನೇ ಭಾಗ ಮಿಲಿಮೀಟರ್ ಅಂದರೆ ಏನು ಅಂತ ಕೈಯಲ್ಲಿ ಗೊತ್ತಿದ್ದು, ಜೊತೆಗೆ ಸ್ಟೇಜ್ ಮೇಲೆ ನಿಂತು ನುಡಿಸುವವರು ಸಿಗುವುದು ಕಮ್ಮಿ. ಬಿಚ್ಚಿ ಜೋಡಿಸುವ ಗಿಟಾರಿಗೆ ಬೇಕಾದ್ದು ಇವೆರಡೂ. ಆದ್ದರಿಂದ ಈ ಉದ್ಯಮ ನಿಮ್ಮ ಕೈಯಲ್ಲಿ ಆಗುತ್ತದೆ ಎಂದೇ ನನ್ನ ನಂಬಿಕೆ. ಆದರೆ ಈಗ ಬರೆದಿರುವ ರೂಪದಲ್ಲಿ ಅಲ್ಲ.

ಒಂದೇ ಗಿಟಾರಿನಲ್ಲಿ ಐದು ಕಡೆ ಬಿಚ್ಚುವಂತೆ ಮಾಡಿದ್ದೀರಿ. ಅದನ್ನು ಒಂದೇ ಒಂದು ನಮೂನೆಯ ಜೋಡಣೆಗೆ ಇಳಿಸಿ ಎನ್ನುವುದು ನನ್ನ ಮೊದಲ ಮಾತು. ಯಾಕೆ ಅಂತ ಸ್ವಲ್ಪ ಲೆಕ್ಕದ ಜೊತೆ ಹೇಳುತ್ತೇನೆ. ನಿಮಗೆ ಲೆಕ್ಕ ಬೇಸರವಾಗುವುದಿಲ್ಲ ಎಂದುಕೊಂಡಿದ್ದೇನೆ.

ಸಾಮಾನ್ಯ 10-46 ಸೆಟ್ ತಂತಿ (ಇಂಚಿನ ಸಾವಿರದಲ್ಲಿ 10ರಿಂದ 46 ಭಾಗ ದಪ್ಪದವು) ಹಾಕಿ ಶ್ರುತಿ ಮಾಡಿದರೆ ಆರೂ ತಂತಿ ಸೇರಿ ಸುಮಾರು 45 ಕಿಲೋ ಎಳೆತ ನೆಕ್ ಮೇಲೆ ಬೀಳುತ್ತದೆ. ನೆಕ್ ಬಿಚ್ಚುವ ಜಾಗದಲ್ಲಿ ಈ ಎಳೆತವನ್ನು ತಡೆದರೆ ಸಾಲದು. ಪ್ರತಿ ಸಲ ಜೋಡಿಸಿದಾಗಲೂ ನೆಕ್ ಅದೇ ಜಾಗದಲ್ಲಿ, ಅದೇ ಕೋನದಲ್ಲಿ ಕೂರಬೇಕು. ಕೋನ ಬರೀ 0.1 ಡಿಗ್ರಿ ಬದಲಾದರೆ 12ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ತಂತಿಯ ಎತ್ತರ, ಅಂದರೆ ಆಕ್ಷನ್, ಸುಮಾರು 0.2 ಮಿ.ಮೀ. ಬದಲಾಗುತ್ತದೆ. ಒಟ್ಟು ಆಕ್ಷನ್ನೇ ಒಂದೂವರೆಯಿಂದ ಎರಡು ಮಿ.ಮೀ. ಇರುವಾಗ 0.2 ಅಂದರೆ ದೊಡ್ಡದು. ನಿನ್ನೆ ಸಲೀಸಾಗಿದ್ದ ಗಿಟಾರ್ ಇವತ್ತು ತಂತಿ ಝರ್ ಅನ್ನುತ್ತದೆ.

ಶ್ರುತಿಯ ವಿಷಯ ಇನ್ನೂ ಸೂಕ್ಷ್ಮ. ಸ್ಟೀಲ್ ತಂತಿ ಹಿಗ್ಗುವುದು ಬಹಳ ಕಡಿಮೆ. ಮೂರನೇ ತಂತಿ, 17 ಗೇಜಿನ ಪ್ಲೇನ್ ಜಿ, ಸಡಿಲದಿಂದ ಶ್ರುತಿಗೆ ಬರುವಷ್ಟರಲ್ಲಿ ಹೆಚ್ಚೂಕಡಿಮೆ 2 ಮಿ.ಮೀ.ಯಷ್ಟೇ ಹಿಗ್ಗಿರುತ್ತದೆ. ಹಾಗಾದರೆ ನೆಕ್ ಉದ್ದಕ್ಕೆ 0.1 ಮಿ.ಮೀ. ಜರುಗಿದರೂ ಆ ತಂತಿಯ ಸ್ವರ 45 ಸೆಂಟ್‌ನಷ್ಟು, ಅಂದರೆ ಹತ್ತಿರ ಹತ್ತಿರ ಅರ್ಧ ಫ್ರೆಟ್, ತಪ್ಪುತ್ತದೆ. ಮೊದಲನೇ ತಂತಿ ಅಷ್ಟು ತಪ್ಪುವುದಿಲ್ಲ, 17-18 ಸೆಂಟ್ ಇರಬಹುದು. ಒಂದೊಂದು ತಂತಿ ಒಂದೊಂದು ಅಳತೆಗೆ ತಪ್ಪುವುದರಿಂದ ಕಾರ್ಡ್ ಹಿಡಿದ ಕೂಡಲೇ ಕಿವಿಗೆ ಕೆಟ್ಟದಾಗಿ ಕೇಳುತ್ತದೆ. ತಂತಿ ಸಡಿಲಿಸದೆ ನೆಕ್ ಕಳಚಿ, ಮತ್ತೆ ಹಾಕಿದ ಕೂಡಲೇ ಶ್ರುತಿಯಲ್ಲಿ ಇರಬೇಕು ಅಂದರೆ ಜೋಡಣೆ 0.01 ಮಿ.ಮೀ. ಒಳಗೆ ಮರಳಿ ಕೂರಬೇಕು. ಮರಕ್ಕೆ ಮರ ತಾಗಿಸಿ ಇದನ್ನು ಸಾಧಿಸಲು ಆಗುವುದಿಲ್ಲ. ಮೈಸೂರಿನ ಮಾರ್ಚ್ ತಿಂಗಳ ಒಣ ಗಾಳಿಗೂ ಮಂಗಳೂರಿನ ಜುಲೈ ತೇವಕ್ಕೂ ಮರ ಅದಕ್ಕಿಂತ ಎಷ್ಟೋ ಜಾಸ್ತಿ ಅಲುಗುತ್ತದೆ.

ಈಗ ಇಂಥ ಜೋಡಣೆ ಐದು ಇವೆ ಅಂದುಕೊಳ್ಳಿ. ಐದರ ತಪ್ಪೂ ಕೂಡುತ್ತಾ ಹೋಗುತ್ತದೆ. ಅಳತೆಗಳು ಒಂದರ ಮೇಲೊಂದು ಸೇರಿದರೆ ಏನಾಗುತ್ತದೆ ಅಂತ ಟೂಲ್ ರೂಮಿನವರಿಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿ ನನ್ನ ಸಲಹೆ ಇದು. ನೆಕ್ ಮತ್ತು ಬ್ರಿಡ್ಜ್ ಬೇರೆ ಆಗಲೇಬಾರದು. ತಲೆಯಿಂದ ಬುಡದವರೆಗೆ ಒಂದೇ ಬೆನ್ನುಮೂಳೆ ಇರಲಿ. ತಂತಿ, ಪಿಕಪ್, ವೈರು, ಜ್ಯಾಕ್ ಎಲ್ಲವೂ ಅದರ ಮೇಲೇ. ಬಿಚ್ಚುವುದು ಎರಡು ರೆಕ್ಕೆ ಮಾತ್ರ: ತೊಡೆಯ ಮೇಲೆ ಕೂರುವ ಕೆಳಗಿನದು, ಮುಂಗೈ ಒರಗುವ ಮೇಲಿನದು. ಎರಡಕ್ಕೂ ಒಂದೇ ನಮೂನೆಯ ಜೋಡಣೆ. ತಂತಿಯ ಎಳೆತ ಈ ಜೋಡಣೆಗೆ ಬೀಳುವುದೇ ಇಲ್ಲ. ಕಾಲು ಮಿ.ಮೀ. ಅಲುಗಿದರೂ ಶ್ರುತಿ ಕದಲುವುದಿಲ್ಲ. ರೆಕ್ಕೆಯೊಳಗೆ ವೈರ್ ಇಲ್ಲದ್ದರಿಂದ ಕನೆಕ್ಟರ್ ಸವೆದು ಕರಕರ ಅನ್ನುವ ತೊಂದರೆಯೂ ಇಲ್ಲ.

ತಲೆ ಇಲ್ಲದ, ಅಂದರೆ ಹೆಡ್‌ಲೆಸ್ ವಿನ್ಯಾಸ ಇದಕ್ಕೆ ಸರಿಹೊಂದುತ್ತದೆ. ನೆಡ್ ಸ್ಟೈನ್‌ಬರ್ಗರ್ 1980ರ ಸುಮಾರಿಗೆ ತಲೆ ತೆಗೆದು ಟ್ಯೂನರ್‌ಗಳನ್ನು ಬ್ರಿಡ್ಜ್ ಹಿಂದಕ್ಕೆ ತಂದ ಮೇಲೆ ಈ ದಾರಿ ಎಲ್ಲರಿಗೂ ತೆರೆಯಿತು. ಆ ಕಾಲದ ಮೂಲ ಪೇಟೆಂಟ್‌ಗಳ ಅವಧಿ ಮುಗಿದಿದೆ. 628 ಮಿ.ಮೀ. ಸ್ಕೇಲ್, ಅಂದರೆ ನುಡಿಯುವ ತಂತಿಯ ಉದ್ದ, ಇಟ್ಟುಕೊಂಡರೆ ಇಡೀ ಬೆನ್ನುಮೂಳೆ 70-72 ಸೆಂ.ಮೀ.ಗೆ ಮುಗಿಯುತ್ತದೆ. ಮಾಮೂಲಿ ಎಲೆಕ್ಟ್ರಿಕ್ ಗಿಟಾರ್ ಒಂದು ಮೀಟರ್ ಹತ್ತಿರ ಇರುತ್ತದೆ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಎರಡೂ ತುದಿಗೆ ಗುಂಡು ಇರುವ ವಿಶೇಷ ತಂತಿ ಬೇಡುವ ಬ್ರಿಡ್ಜ್ ಹಾಕಬೇಡಿ. ನೆಕ್ ತುದಿಯ ನಟ್ ಹತ್ತಿರ ಸ್ಕ್ರೂನಿಂದ ಬಿಗಿಯುವ ಕ್ಲ್ಯಾಂಪ್ ಇರಲಿ. ಮದ್ದೂರಿನಲ್ಲಿ ಕಾರ್ಯಕ್ರಮಕ್ಕೆ ಮುಂಚೆ ತಂತಿ ಕಿತ್ತುಹೋದರೆ ಜೊತೆಯವನ ಹತ್ತಿರ ಇರುವ ಸಾಮಾನ್ಯ ತಂತಿ ಹಾಕಿಕೊಂಡು ನುಡಿಸುವಂತಿರಬೇಕು.

ಇಷ್ಟು ಮಾಡಿದರೂ ವಿಮಾನದ ವಿಷಯದಲ್ಲಿ ಗಿರಾಕಿಗೆ ಸುಳ್ಳು ಹೇಳಬೇಡಿ. ನಮ್ಮ ದೇಶದ ವಿಮಾನಗಳಲ್ಲಿ ಕೈಚೀಲದ ಸಾಮಾನ್ಯ ಮಿತಿ 55 x 35 x 25 ಸೆಂ.ಮೀ., 7 ಕಿಲೋ. 72 ಸೆಂ.ಮೀ. ಗಿಟಾರ್ ಆ ಲೆಕ್ಕಕ್ಕೆ ಬರುವುದಿಲ್ಲ. ಅಡ್ಡಡ್ಡಲಾಗಿ ಇಟ್ಟರೂ 55 x 35ರ ಮೂಲೆಯಿಂದ ಮೂಲೆಗೆ 65 ಸೆಂ.ಮೀ. ಅಷ್ಟೇ. ಸಿಬ್ಬಂದಿ ಒಪ್ಪಿದರೆ ಬಿಡುತ್ತಾರೆ, ಇಲ್ಲದಿದ್ದರೆ ಇಲ್ಲ. ಬಸ್ಸು, ರೈಲು, ಬೈಕಿಗೆ ಸಲೀಸು ಎಂದು ಹೇಳಿ ಮಾರಿ. ಅದೇ ನಿಮ್ಮ ನಿಜವಾದ ಮಾರುಕಟ್ಟೆ ಕೂಡ. ನಿಜಕ್ಕೂ 55ರ ಒಳಗೆ ಬರುವ ಗಿಟಾರ್ ಬೇಕೆಂದರೆ ನೆಕ್ ಬಿಚ್ಚುವಂತೆ ಮಾಡಲೇಬೇಕು. ಅದನ್ನು ಎರಡನೇ ಮಾದರಿಯಾಗಿ, ಕೈಯಲ್ಲಿ ಕಾಸು ಓಡಾಡಲು ಶುರುವಾದ ಮೇಲೆ ಮಾಡಿ. ಆಗಲೂ ಲೋಹಕ್ಕೆ ಲೋಹ ತಾಗಬೇಕು, ಮೂರು ಗುಂಡು, ಮೂರು ವಿ-ಗ್ರೂವ್ ಇರುವ ಜೋಡಣೆ ಬೇಕು, ತಂತಿಯ ಎಳೆತವೇ ಅದನ್ನು ಒತ್ತಿ ಕೂರಿಸುವಂತಿರಬೇಕು. ಒಳ್ಳೆಯ ಅಳತೆ ಯಂತ್ರಗಳಲ್ಲಿ ಬಳಸುವ ಉಪಾಯ ಅದು, ನೀವು ನೋಡಿರುತ್ತೀರಿ.

ರೆಕ್ಕೆಗಳ ಜೋಡಣೆಗೆ ಮರಕ್ಕೆ ನೇರವಾಗಿ ಸ್ಕ್ರೂ ಬೇಡವೇ ಬೇಡ. ಕೆಲವು ಸಲ ಬಿಚ್ಚಿ ಹಾಕುವಷ್ಟರಲ್ಲಿ ಮರದೊಳಗಿನ ಥ್ರೆಡ್ ಸವೆಯುತ್ತದೆ. ಹಿತ್ತಾಳೆ ಅಥವಾ ಸ್ಟೀಲಿನ ಥ್ರೆಡ್ ಇನ್ಸರ್ಟ್ ಹಾಕಿ, ಎರಡು ಡೋವೆಲ್ ಪಿನ್ ಜಾಗ ಹಿಡಿಯಲಿ, ಕೈಯಿಂದ ತಿರುಗಿಸಲು ತಲೆಗೆ ಗೀರು ಹಾಕಿದ ಒಂದು ದೊಡ್ಡ ಎಂ6 ನರ್ಲಿಂಗ್ ಸ್ಕ್ರೂ ಬಿಗಿಯಲಿ. ಆ ಸ್ಕ್ರೂ ರೆಕ್ಕೆಯಿಂದ ಬೇರೆಯಾಗಿ ಕೆಳಗೆ ಬೀಳಬಾರದು. ಕತ್ತಲೆ ಸ್ಟೇಜಿನ ಹಿಂದೆ ಬಿದ್ದ ಸ್ಕ್ರೂ ಹುಡುಕುವ ಪಾಡು ನಿಮಗೇ ಗೊತ್ತಿರುತ್ತದೆ, ಅಲ್ವಾ?

ಬಿಡಿಭಾಗ ಅದಲು ಬದಲು ಮಾಡುವ ಮಾಡ್ಯುಲರ್ ಗಿಟಾರ್ ಅಂದ ಮೇಲೆ ಇನ್ನೊಂದು ಜವಾಬ್ದಾರಿ ಇದೆ. ಹೆಚ್ಚು ಜನ ಎಡವುವುದು ಇಲ್ಲೇ. ನೀವು ಮಾಡಿದ 40ನೇ ಗಿಟಾರಿನ ರೆಕ್ಕೆ 3ನೇ ಗಿಟಾರಿಗೆ ಅರ ಹಾಕದೆ, ತೂತು ಕೊರೆಯದೆ ಕೂರಬೇಕು. ಕೂರದಿದ್ದರೆ ಅದು ಮಾಡ್ಯುಲರ್ ಅಲ್ಲ, ಬರೀ ಬಿಚ್ಚುವ ಗಿಟಾರ್. ಆದ್ದರಿಂದ ಮೊದಲ ಮಾರಾಟದ ಗಿಟಾರಿಗೂ ಮುಂಚೆ ತೂತಿನ ಜಾಗ ತಪ್ಪದಂತೆ ಹಿಡಿಯುವ ಡ್ರಿಲ್ ಜಿಗ್, ಅಳತೆ ಸರಿಯೋ ತಪ್ಪೋ ತೋರಿಸುವ ಗೋ ಮತ್ತು ನೋ-ಗೋ ಗೇಜ್ ಮಾಡಿಕೊಳ್ಳಿ. ಡ್ರಾಯಿಂಗಿಗೆ ರಿವಿಷನ್ ನಂಬರ್ ಹಾಕಿ. ಜೋಡಣೆಯ ಅಳತೆಯನ್ನು ಒಮ್ಮೆ ನಿಗದಿ ಮಾಡಿದ ಮೇಲೆ ಎಷ್ಟೇ ಆಸೆಯಾದರೂ ಮುಟ್ಟಬೇಡಿ. ಇಂದು ಕೊಂಡವರು ಐದು ವರ್ಷ ಬಿಟ್ಟು ಹೊಸ ರೆಕ್ಕೆ ಕೇಳಿದಾಗ ಅದು ಅವರ ಗಿಟಾರಿಗೆ ಹಿಡಿಯಬೇಕು. ಆ ನಂಬಿಕೆಯನ್ನೇ ನೀವು ಮಾರುತ್ತಿರುವುದು.

ಪಿಕಪ್ ಬದಲಾಯಿಸುವ ಯೋಚನೆ ಚೆನ್ನಾಗಿದೆ, ಆದರೆ ಹೊಸದಲ್ಲ. ಡ್ಯಾನ್ ಆರ್ಮ್‌ಸ್ಟ್ರಾಂಗ್ ಆಂಪೆಗ್ ಕಂಪನಿಗಾಗಿ 1969ರಲ್ಲೇ ಪಾರದರ್ಶಕ ಬಾಡಿಯ ಗಿಟಾರಿನಲ್ಲಿ ಪಿಕಪ್ ಸರಿಸಿ ಬದಲಾಯಿಸುವಂತೆ ಮಾಡಿದ್ದರು. ಸದ್ಯಕ್ಕೆ ಬಿಡಿ. ಒಂದು ಒಳ್ಳೆಯ ಹಂಬಕರ್ (ಎರಡು ಸುರುಳಿಯ ಪಿಕಪ್), ಅದರಲ್ಲಿ ಒಂದೇ ಸುರುಳಿ ಬಳಸಲು ಕಾಯಿಲ್ ಸ್ಪ್ಲಿಟ್ ಸ್ವಿಚ್ ಇದ್ದರೆ ನಿಮ್ಮ ಗಿರಾಕಿಗೆ ಸಾಕು. ಹೆಡ್‌ಫೋನ್ ಆಂಪ್ ಸೇರಿಸುವ ಆಸೆ ಬರುತ್ತದೆ. ಸೇರಿಸುವುದಾದರೆ ಅದರ ಲಿಥಿಯಂ ಬ್ಯಾಟರಿ ಕೈಯಿಂದ ತೆಗೆಯುವಂತಿರಲಿ, ಯಾಕೆಂದರೆ ಬಿಡಿ ಬ್ಯಾಟರಿಗಳನ್ನು ವಿಮಾನದಲ್ಲಿ ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು.

ಇನ್ನು ಯಾರಿಗೆ ಮಾರುತ್ತೀರಿ ಎನ್ನುವುದು. ‘ಎಲ್ಲ ಗಿಟಾರ್ ಪ್ರಿಯರಿಗೆ’ ಅಂದರೆ ಯಾರಿಗೂ ಅಲ್ಲ. ತಿರುಮಕೂಡಲು ನರಸೀಪುರದಿಂದ ಬಂದ ಟಿ. ಚೌಡಯ್ಯನವರು ಪಿಟೀಲಿಗೆ ನಾಲ್ಕರ ಬದಲು ಏಳು ತಂತಿ ಹಾಕಿದ್ದು ಹೊಸದು ಮಾಡಬೇಕು ಎಂಬ ಚಪಲಕ್ಕಲ್ಲ. ಮೈಕ್ ಇಲ್ಲದ ಕಚೇರಿಯಲ್ಲಿ ಹಿಂದೆ ಕೂತವರಿಗೂ ನಾದ ಕೇಳಬೇಕಿತ್ತು. ಒಬ್ಬ ವಾದಕರಿಗಿದ್ದ ಒಂದು ಸ್ಪಷ್ಟ ತೊಂದರೆಯಿಂದ ಹುಟ್ಟಿದ ಬದಲಾವಣೆ ಅದು. ನಿಮ್ಮ ಮುಂದೆಯೂ ಅಂಥ ಜನ ಇದ್ದಾರೆ. ಗಣೇಶನ ಹಬ್ಬ, ಜಾತ್ರೆ ಅಂತ ಮಂಡ್ಯ, ಚಾಮರಾಜನಗರ, ಕೊಳ್ಳೇಗಾಲ ಸುತ್ತುವ ಆರ್ಕೆಸ್ಟ್ರಾ ವಾದಕರು. ಚರ್ಚಿನಲ್ಲಿ ಪ್ರತಿ ವಾರ ನುಡಿಸುವವರು. ಮೈಸೂರು-ಬೆಂಗಳೂರು ರೈಲಿನಲ್ಲಿ ಓಡಾಡುವ ಸಾಫ್ಟ್‌ವೇರ್ ಹುಡುಗ ಹುಡುಗಿಯರು. ಹಾಸ್ಟೆಲಿನಲ್ಲಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಗೋಕುಲಂಗೆ ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಇರುವ ವಿದೇಶಿಯರು. ಕೊನೆಯವರನ್ನು ಹಗುರವಾಗಿ ಕಾಣಬೇಡಿ. ವಾದ್ಯ ಹೊತ್ತು ದೇಶ ಸುತ್ತುವ ಜನ ನಿಮ್ಮ ಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಬಾಡಿಗೆಗಿದ್ದಾರೆ. ಅವರ ಕೈಗೆ ಒಂದು ವಾರ ಗಿಟಾರ್ ಕೊಟ್ಟು ನೋಡಿ.

ನಾನಾದರೆ ಆರ್ಕೆಸ್ಟ್ರಾದವರಿಂದಲೇ ಶುರು ಮಾಡುತ್ತಿದ್ದೆ. ಅವರಷ್ಟು ಕಠಿಣವಾಗಿ ಗಿಟಾರ್ ಬಳಸುವವರು ಇಲ್ಲ. ಟೆಂಪೋದಲ್ಲಿ ಸ್ಪೀಕರ್ ಪೆಟ್ಟಿಗೆಗಳ ಮಧ್ಯೆ ಹೋಗುತ್ತದೆ, ಇಬ್ಬನಿಯಲ್ಲಿ ನಡುರಾತ್ರಿವರೆಗೆ ನುಡಿಯುತ್ತದೆ, ಬೆವರು ಬೀಳುತ್ತದೆ. ಅವರು ಚೆನ್ನಾಗಿದೆ ಅಂದರೆ ಆ ಗಿಟಾರ್ ಎಲ್ಲಿಗೆ ಬೇಕಾದರೂ ಹೋಗಬಹುದು. ಮೊದಲು ಐದೇ ಗಿಟಾರ್ ಮಾಡಿ. ಸಾಮಗ್ರಿ ಖರ್ಚಿಗಷ್ಟೇ ಕೊಡಿ, ಬದಲಿಗೆ ಅವರು ಆರು ತಿಂಗಳು ನುಡಿಸಿ ಪ್ರತಿ ತಿಂಗಳು ತಂದು ತೋರಿಸಬೇಕು ಎಂದು ಮಾತು ತೆಗೆದುಕೊಳ್ಳಿ. ಪ್ರತಿ ಸಲ 12ನೇ ಫ್ರೆಟ್ ಮೇಲಿನ ಆಕ್ಷನ್, ನೆಕ್ ಬಾಗು, ಜೋಡಣೆಯ ಸಡಿಲ ಅಳೆದು ಬರೆದಿಡಿ. ನೀವೂ ಒಂದನ್ನು ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಧ್ಯಾಹ್ನವಿಡೀ ಬಿಟ್ಟು ನೋಡಿ. ಮರದ ಅಂಟು ಆ ಬಿಸಿಗೆ ಮೆತ್ತಗಾಗುವುದುಂಟು.

ಮರದ ವಿಷಯಕ್ಕೆ ಬರೋಣ. ಬೀಟೆ ಸೊಗಸಾದ ಮರ, ನಿಜ. ಮೈಸೂರಿನ ಬೀಟೆ ಇನ್ಲೇ ಕೆಲಸಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಆದರೆ ಬೀಟೆ ಕೈಗೆ ಬರುವ ಹೊತ್ತಿಗೆ ಅರಣ್ಯ ಇಲಾಖೆಯ ಕಾಗದಪತ್ರ ಜೊತೆಗಿರಬೇಕು, ವಿದೇಶಕ್ಕೆ ಹೋಗುವಾಗ ಇನ್ನೂ ಜಾಸ್ತಿ. 2017ರ ಜನವರಿಯಿಂದ ಬೀಟೆಯ ಇಡೀ ಡಾಲ್ಬರ್ಜಿಯಾ ಕುಲ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಬಂತು. ಸಿದ್ಧವಾದ ಸಂಗೀತ ವಾದ್ಯಗಳಿಗೂ ಅವುಗಳ ಸಿದ್ಧ ಬಿಡಿಭಾಗಗಳಿಗೂ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ಹಾಗಿದ್ದರೂ ಬಿಡಿ ರೆಕ್ಕೆ, ಬಿಡಿ ಫ್ರೆಟ್‌ಬೋರ್ಡ್ ಕಳಿಸಿದರೆ ಗಡಿಯಲ್ಲಿ ಪ್ರಶ್ನೆ ಬರಬಹುದು. ನಿಮ್ಮ ವಸ್ತುವೇ ಬಿಡಿಭಾಗಗಳದ್ದು ಅನ್ನುವುದು ನೆನಪಿರಲಿ. 2011ರಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಗಿಟಾರ್ ಕಂಪನಿಯ ಮೇಲೆ ದಾಳಿ ಮಾಡಿದಾಗ ವಶಪಡಿಸಿಕೊಂಡದ್ದರಲ್ಲಿ ಭಾರತದಿಂದ ಹೋಗಿದ್ದ ಮರವೂ ಇತ್ತು. ಅಷ್ಟು ದೊಡ್ಡ ಕಂಪನಿಯೇ ಕಾಗದಪತ್ರಕ್ಕೆ ಒದ್ದಾಡಿತು. ನಿಮಗೆ ಈ ತಲೆನೋವು ಯಾಕೆ?

ಬೆನ್ನುಮೂಳೆಗೆ ಚೆನ್ನಾಗಿ ಒಣಗಿಸಿದ ಮೇಪಲ್, ಇಲ್ಲವೇ ಹೋಳು ಹೋಳಾಗಿ ಅಂಟಿಸಿದ ತೇಗ. ಒಳಗೆ ನೆಕ್ ಬಾಗು ಸರಿಪಡಿಸಲು ಎರಡೂ ಕಡೆ ತಿರುಗುವ ಟ್ರಸ್ ರಾಡ್. ರೆಕ್ಕೆಗೆ ನಮ್ಮ ಭಾಗದಲ್ಲೇ ಸಿಗುವ ಮರಗಳನ್ನು ಪರೀಕ್ಷಿಸಿ. ವೀಣೆಗೆ ಬಳಸುವ ಹಲಸು ಇದೆ, ಕೊಡಗಿನ ತೋಟಗಳ ಸಿಲ್ವರ್ ಓಕ್ ಇದೆ, ಮೈಸೂರು-ಮಂಡ್ಯದ ರೈತರು ಬೆಳೆಯುವ ಹಗುರವಾದ ಹೆಬ್ಬೇವು ಇದೆ. ರೆಕ್ಕೆಯ ಮೇಲೆ ಎಳೆತ ಇಲ್ಲದ್ದರಿಂದ ಇಲ್ಲಿ ಪ್ರಯೋಗಕ್ಕೆ ಧೈರ್ಯ ಮಾಡಬಹುದು. ಏನೇ ಕೊಂಡರೂ ಬಿಲ್ ತೆಗೆದುಕೊಳ್ಳಿ, ತೇವ 8ರಿಂದ 10 ಶೇಕಡಾ ಇದೆಯೇ ಎಂದು ಮೀಟರ್ ಹಿಡಿದು ನೋಡಿ. ಇನ್ಲೇ ಬೇಕೆಂದವರಿಗೆ ಒಂದು ವಿಶೇಷ ಮೇಲ್ರೆಕ್ಕೆ ಮಾಡಿಸಿ, ಬೇರೆ ಬೆಲೆಗೆ ಮಾರಿ. ನಮ್ಮೂರಿನ ಕಸುಬುದಾರರಿಗೂ ಕೆಲಸ ಸಿಗುತ್ತದೆ, ಬೇಡದವರಿಗೆ ಅದರ ಭಾರ ಬೀಳುವುದಿಲ್ಲ.

ಸಿಎನ್‌ಸಿ ಕೊಳ್ಳಬೇಡಿ. ಹೆಬ್ಬಾಳ, ಮೇಟಗಳ್ಳಿ, ಬೆಳವಾಡಿ ಸುತ್ತ ಗಂಟೆ ಲೆಕ್ಕಕ್ಕೆ ವಿಎಂಸಿ (ಒಂದು ಬಗೆಯ ಸಿಎನ್‌ಸಿ ಮಷಿನ್) ಓಡಿಸಿಕೊಡುವ ಶಾಪುಗಳಿವೆ, ನಿಮಗೆ ಪರಿಚಯವೂ ಇರುತ್ತದೆ. ಲೋಹದ ಭಾಗ ಅಲ್ಲಿ ಮಾಡಿಸಿ. ಎಲ್ಲರೂ ಮರ ಕೊರೆಯಲು ಒಪ್ಪುವುದಿಲ್ಲ, ಹೊಟ್ಟು ಮಷಿನಿಗೆ ಹೋಗುತ್ತದೆ ಅಂತ. ಅದಕ್ಕೆ ಮರದ ರೂಟರ್ ಇರುವ ಪೀಠೋಪಕರಣದವರನ್ನು ಹುಡುಕಿ. ನಿಮ್ಮ ದುಡ್ಡು ಹೋಗಬೇಕಾದ್ದು ಫ್ರೆಟ್ ಕೆಲಸದ ಸಾಮಾನಿಗೆ: ನಿಖರ ಸ್ಟ್ರೈಟ್ ಎಡ್ಜ್, ಲೆವೆಲಿಂಗ್ ಬೀಮ್, ಕ್ರೌನಿಂಗ್ ಫೈಲ್, ಫ್ರೆಟ್ ಪ್ರೆಸ್, ಜೊತೆಗೆ ಧೂಳು ಹೀರುವ ಯಂತ್ರ. ಜೋಡಣೆ ಎಷ್ಟೇ ಅದ್ಭುತವಾಗಿರಲಿ, ಫ್ರೆಟ್ ತುದಿ ಕೈಗೆ ಚುಚ್ಚಿದರೆ ಗಿರಾಕಿ ಅಲ್ಲೇ ಕೆಳಗಿಡುತ್ತಾನೆ. ಈ ಕೆಲಸ ಅಳತೆಯಿಂದ ಅರ್ಧ, ಕೈ ಅಭ್ಯಾಸದಿಂದ ಅರ್ಧ ಬರುತ್ತದೆ. ಹಳೆಯ ಅಗ್ಗದ ಗಿಟಾರುಗಳನ್ನು ತಂದು ಫ್ರೆಟ್ ಕಿತ್ತು ಹಾಕಿ ಕಲಿಯಿರಿ.

ಬೆಲೆಗೆ ಸುಮ್ನೆ ಒಂದು ಉದಾಹರಣೆ ಲೆಕ್ಕ ಹಾಕೋಣ, ಅಂಕಿ ನಿಮ್ಮವು ಹಾಕಿಕೊಳ್ಳಿ. ಮರ, ಪಿಕಪ್, ಬ್ರಿಡ್ಜ್ ಸೇರಿ 15,000. ಹೊರಗಿನ ಮಷಿನಿಂಗ್ 6,000. ಬ್ಯಾಗ್, ಪ್ಯಾಕಿಂಗ್ 2,000. ನಿಮ್ಮ ಕೈಕೆಲಸ 30 ಗಂಟೆ, ಗಂಟೆಗೆ 300ರಂತೆ 9,000. ಅಲ್ಲಿಗೆ 32,000. ಬಾಡಿಗೆ, ಕರೆಂಟು, ಹಾಳಾದ ಮಾಲು, ವಾರಂಟಿ ಅಂತ 15 ಶೇಕಡಾ ಸೇರಿಸಿದರೆ 36,800. ಅಂಗಡಿಯವರು ಮಾರಾಟ ಬೆಲೆಯಲ್ಲಿ ಕಾಲು ಭಾಗ ಕೇಳಿದರೆ ಬೆಲೆ 49,000 ದಾಟುತ್ತದೆ. ತೆರಿಗೆ, ಲಾಭ ಇನ್ನೂ ಸೇರಿಲ್ಲ. ಆ ಬೆಲೆಗೆ ಗಿರಾಕಿಗೆ ಹೆಸರಾಂತ ಬ್ರ್ಯಾಂಡುಗಳು ಸಿಗುತ್ತವೆ. ಅದಕ್ಕೇ ಅಂಗಡಿಯ ದಾರಿ ಬಿಟ್ಟು ಮುಂಗಡ ಪಡೆದು ನೇರವಾಗಿ ಮಾರಿ. ನಿಮ್ಮ ಗಂಟೆಗಳಿಗೆ ಕೂಲಿ ಹಾಕದೆ ಬೆಲೆ ಇಳಿಸುವ ಕೆಲಸ ಮಾತ್ರ ಮಾಡಬೇಡಿ. ಹಾಗೆ ಮಾಡಿದವರು ಹೆಚ್ಚು ಗಿಟಾರ್ ಮಾರಿದಷ್ಟೂ ಹೆಚ್ಚು ಸುಸ್ತಾಗುತ್ತಾರೆ, ಕೈಗೆ ಏನೂ ಉಳಿಯುವುದಿಲ್ಲ.

ಕಾಗದದ ಕೆಲಸ ಬೇಗ ಹೇಳಿಬಿಡುತ್ತೇನೆ. ಜೋಡಣೆಯಲ್ಲಿ ನಿಜಕ್ಕೂ ಹೊಸತಿದ್ದರೆ ಅದರ ವಿಡಿಯೋ ಹಾಕುವ ಮುನ್ನ ಪ್ರೊವಿಷನಲ್ (ತಾತ್ಕಾಲಿಕ) ಪೇಟೆಂಟ್ ಅರ್ಜಿ ಹಾಕಿ. ಒಮ್ಮೆ ಜಗತ್ತಿಗೆ ತೋರಿಸಿದರೆ ಹೊಸತು ಎನ್ನುವ ಹಕ್ಕು ಹೋಗುತ್ತದೆ. ಅರ್ಜಿ ಹಾಕಿದ 12 ತಿಂಗಳೊಳಗೆ ಪೂರ್ತಿ ವಿವರ ಸಲ್ಲಿಸಬೇಕು. ಆಕಾರಕ್ಕೆ ಡಿಸೈನ್ ನೋಂದಣಿ, ಹೆಸರಿಗೆ 15ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್. ಸಣ್ಣ ಉದ್ಯಮಗಳ ಸರ್ಕಾರಿ ‘ಉದ್ಯಮ್’ ನೋಂದಣಿಗೆ ಹಣ ಇಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ಬೇರೆ ರಾಜ್ಯಕ್ಕೆ ಸರಕು ಮಾರುವುದಾದರೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ವಿದೇಶಕ್ಕಾದರೆ ಐಇಸಿ, ಅಂದರೆ ಆಮದು-ರಫ್ತು ಸಂಖ್ಯೆ. ಸಲಹೆ, ಜಾಗ ಬೇಕಾದರೆ ಜೆಎಸ್‌ಎಸ್ ಆವರಣದಲ್ಲಿ ಹೊಸ ಉದ್ಯಮಗಳಿಗೆ ನೆರವಾಗುವ ಎಸ್‌ಜೆಸಿಇ-ಸ್ಟೆಪ್ ಬಾಗಿಲು ತಟ್ಟಿ.

ಸಾಲದ ವಿಷಯದಲ್ಲಿ ಒಂದು ಎಚ್ಚರ. ಕೇಂದ್ರ ಸರ್ಕಾರದ ಪಿಎಂಇಜಿಪಿ ಎಂಬ ಸ್ವಉದ್ಯೋಗ ಯೋಜನೆಯ ಸಹಾಯಧನ ಹೊಸ ಘಟಕಕ್ಕೆ ಮಾತ್ರ, ಈಗಾಗಲೇ ನಡೆಯುತ್ತಿರುವುದಕ್ಕೆ ಸಿಗುವುದಿಲ್ಲ. ಆದ್ದರಿಂದ ಆ ದಾರಿ ಬೇಕೋ ಬೇಡವೋ ಎಂದು ಘಟಕ ಶುರು ಮಾಡುವ ಮೊದಲೇ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಈಗಿನ ನಿಯಮ ಕೇಳಿ ತೀರ್ಮಾನಿಸಿ. ಆದರೆ ಮೊದಲ ಐದು ಗಿಟಾರಿಗೆ ಸಾಲ ಬೇಕಿಲ್ಲ. 6 ಲಕ್ಷದಲ್ಲಿ ಎರಡು ಲಕ್ಷ ತೆಗೆದಿಡಿ, ಸಾಮಾನು, ಜಿಗ್, ಐದು ಗಿಟಾರ್ ಎಲ್ಲಕ್ಕೂ ಅದರಲ್ಲೇ ಮುಗಿಸಲು ನೋಡಿ. ಉಳಿದದ್ದು ಮನೆಯದು, ಮುಟ್ಟಬೇಡಿ.

ದಸರಾಗೆ ಕೆಲಸ ಬಿಡಬೇಡಿ. ಐದೂ ಗಿಟಾರ್ ಒಂದು ಮಳೆಗಾಲ, ಒಂದು ಬೇಸಿಗೆ ದಾಟಲಿ. ಆಮೇಲೆ ಪರಿಚಯವೇ ಇಲ್ಲದ ಹತ್ತು ಜನ ಪೂರ್ತಿ ಬೆಲೆಗೆ ಮುಂಗಡ ಕೊಟ್ಟರೆ ಆಗ ಮನೆಯವರ ಜೊತೆ ಕೂತು ರಾಜೀನಾಮೆಯ ಮಾತಾಡಿ. ಅಲ್ಲಿಯವರೆಗೆ, ಕಾರ್ಖಾನೆಯ ಮಷಿನ್, ಸಮಯ, ಡ್ರಾಯಿಂಗ್ ಯಾವುದನ್ನೂ ಈ ಕೆಲಸಕ್ಕೆ ಬಳಸಬೇಡಿ. ನೇಮಕಾತಿ ಪತ್ರ ತೆಗೆದು, ಕೆಲಸದಲ್ಲಿರುವಾಗ ಕಂಡುಹಿಡಿದದ್ದು ಯಾರಿಗೆ ಸೇರುತ್ತದೆ ಅಂತ ಬರೆದಿದೆಯೇ ಓದಿ. ಬರೆದಿದ್ದರೆ ಪೇಟೆಂಟ್ ಅರ್ಜಿಗೆ ಮುಂಚೆ ವಕೀಲರೊಬ್ಬರಿಗೆ ಆ ಪತ್ರ ತೋರಿಸಿ.